ಅಧಿಕಾರಿಯ ಮೇಜಿನಲ್ಲಿ ಅವ್ವನ ತಾಟು

"ನೀವು ಇಲ್ಲಿ ಕೂತು ಊಟ ಮಾಡುತ್ತಿದ್ದರೆ ಹಡಗು ಓಡಿಸುತ್ತಿರುವವರು ಯಾರು?"

ಈ ಪ್ರಶ್ನೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ಕೇಳುವವರೆಲ್ಲ ಈ ತಮಾಷೆಯನ್ನು ತಾವೇ ಮೊದಲು ಕಂಡುಹಿಡಿದವರಂತೆ ಅಕ್ಕಪಕ್ಕದವರ ಮುಖ ನೋಡಿ ನಗುತ್ತಾರೆ. ನಾನೂ ನಗಬೇಕು, ಅದಕ್ಕೂ ಸೇರಿಸಿಯೇ ಸಂಬಳ. ನಾನು ಒಂದು ಪ್ರವಾಸಿ ಹಡಗಿನಲ್ಲಿ ನ್ಯಾವಿಗೇಶನ್ ಅಧಿಕಾರಿ. ಬ್ರಿಜ್ಜಿನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ಪಾಳಿ ನಿಂತು ಹಡಗು ಸರಿಯಾದ ದಾರಿಯಲ್ಲಿ ಹೋಗುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ಪ್ರತಿ ಯಾನದಲ್ಲೂ ಒಂದೆರಡು ಸಂಜೆ ಫಾರ್ಮಲ್ ನೈಟ್ ಎಂಬ ಶೋಕಿ ಇರುತ್ತದೆ. ಅವತ್ತು ಪ್ರಯಾಣಿಕರು ಕೋಟು, ಟೈ, ನೆಲ ಗುಡಿಸುವ ಗೌನು ತೊಟ್ಟು ಊಟಕ್ಕೆ ಬರುತ್ತಾರೆ. ಅಧಿಕಾರಿಗಳು ಹೆಗಲ ಮೇಲಿನ ಚಿನ್ನದ ಪಟ್ಟಿ ಹೊಳೆಸುತ್ತ ಒಬ್ಬೊಬ್ಬರು ಒಂದೊಂದು ಮೇಜಿಗೆ ಯಜಮಾನರಾಗಿ ಕೂರಬೇಕು. ಆ ಮೇಜಿಗೆ ಆಹ್ವಾನ ಹೋಗುವುದು ದುಬಾರಿ ಕೋಣೆಗಳಲ್ಲಿ ಇರುವವರಿಗೆ.

ಗಂಡಸು ಅಧಿಕಾರಿಗಳು ತಲೆನೋವು, ಪಾಳಿ, ಇನ್ನೊಂದು ಎಂದು ಹೇಗೋ ತಪ್ಪಿಸಿಕೊಳ್ಳುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಕರೆ ಬರುತ್ತದೆ. ಒಮ್ಮೆ ಯಾಕೆ ಎಂದು ಕೇಳಿದೆ. ಊಟದ ಹಾಲಿನ ಮುಖ್ಯಸ್ಥ ಏನೂ ಮುಚ್ಚಿಡಲಿಲ್ಲ. ಸಮವಸ್ತ್ರದ ಹೆಂಗಸು ಇದ್ದರೆ ಫೋಟೋ ಚೆನ್ನಾಗಿ ಬರುತ್ತದಂತೆ. ಮಂಜಿನಲ್ಲಿ ಮೀನುಗಾರರ ದೋಣಿಗಳ ನಡುವೆ ಇಡೀ ಹಡಗನ್ನು ನುಸುಳಿಸಿಕೊಂಡು ಬಂದವಳನ್ನು ಇವರು ಗೋಡೆಗೆ ನೇತುಹಾಕುವ ಕ್ಯಾಲೆಂಡರ್ ಮಾಡಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ ಎಂದು ಶಿರಸಿಯ ನಮ್ಮ ಓಣಿಯಲ್ಲಿ ಈಗಲೂ ಹೇಳುತ್ತಾರೆ. ಹೇಳಲಿ. ಅದು ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಬಂದದ್ದು ನಮ್ಮ ಅಡುಗೆಮನೆಯಿಂದ.

ನಮ್ಮದು ಬನವಾಸಿ ಕಡೆಯಿಂದ ಬಂದು ಪೇಟೆಯಲ್ಲಿ ಕಾಳುಕಡಿ ಅಂಗಡಿ ಇಟ್ಟ ಮನೆತನ. ಅಪ್ಪ, ಅಣ್ಣ, ಅಂಗಡಿಯ ಹಮಾಲರು, ಹಳ್ಳಿಯಿಂದ ಭತ್ತ ಮಾರಲು ಬಂದವರು, ಎಲ್ಲರ ಊಟವೂ ನಮ್ಮ ಪಡಸಾಲೆಯಲ್ಲೇ. ರೊಟ್ಟಿ ಬಿಸಿಯಾಗಿಯೇ ತಾಟಿಗೆ ಬೀಳಬೇಕು ಎಂಬುದು ನಮ್ಮಲ್ಲಿ ವೇದವಾಕ್ಯ. ಬಿಸಿ ರೊಟ್ಟಿ ಬೇಕೆಂದರೆ ಒಲೆಯ ಮುಂದೆ ಒಬ್ಬಳು ಕೂತಿರಲೇಬೇಕು, ಆ ಒಬ್ಬಳು ಉಣ್ಣುವಂತಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ನಾನು ಬಡಿಸುತ್ತಿದ್ದೆ. ಎಲ್ಲರೂ ಕೈ ತೊಳೆದು, ಎಲೆಅಡಿಕೆ ಹಾಕಿ, ಅಂಗಡಿಗೆ ಹೋದ ಮೇಲೆ ಅವ್ವ ಪಾತ್ರೆಗಳ ತಳ ಕೆರೆದು, ಯಾವ ಪಲ್ಯ ಉಳಿದಿದೆಯೋ ಅದನ್ನು ತಣ್ಣಗಾದ ರೊಟ್ಟಿಯ ಮೇಲೆ ಹಾಕಿಕೊಂಡು ಉಣ್ಣುತ್ತಿದ್ದಳು. ಏನೂ ಉಳಿಯದ ದಿನ ಚಟ್ನಿಪುಡಿ. ಅವಳು ಉಂಡಳೋ ಇಲ್ಲವೋ ಎಂದು ಅಪ್ಪ ಒಮ್ಮೆಯಾದರೂ ಒಳಗೆ ಇಣುಕಿ ಕೇಳಿದ್ದು ನಾನು ಕಂಡಿಲ್ಲ. ಒಳ್ಳೆಯ ಮನುಷ್ಯ ಎಂದು ಊರೆಲ್ಲ ಹೊಗಳುವ ಅಪ್ಪ. ನನಗೆ ಆ ಹೊಗಳಿಕೆ ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಹಡಗಿನಲ್ಲಿ ಅಧಿಕಾರಿಗಳು ಮನೆಯವರೊಬ್ಬರನ್ನು ಜೊತೆಗೆ ಕರೆತರಬಹುದು. ನಾನು ಅವ್ವನನ್ನು ಕರೆಸಬೇಕೆಂದು ನಿಶ್ಚಯಿಸಿದೆ. ಊರು ತೋರಿಸಲಿಕ್ಕಲ್ಲ, ಸಮುದ್ರ ತೋರಿಸಲಿಕ್ಕೂ ಅಲ್ಲ. ಒಂದೇ ಒಂದು ಸಲ ಅವಳು ಕುರ್ಚಿಯಲ್ಲಿ ಕೂತು, ಬೇರೆ ಯಾರೋ ಮಾಡಿ, ಬೇರೆ ಯಾರೋ ತಂದು ಬಡಿಸಿದ್ದನ್ನು ಬಿಸಿಬಿಸಿಯಾಗಿ ಉಣ್ಣುವುದನ್ನು ನಾನು ನೋಡಬೇಕಿತ್ತು. ಅದೂ ನನ್ನ ಮೇಜಿನಲ್ಲಿ, ನನ್ನ ಪಕ್ಕದಲ್ಲಿ. ನನಗೆ ಬೇರೇನೂ ಬೇಕಿರಲಿಲ್ಲ.

ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ ಮೊದಲ ಮಾತು, "ಹಂಗಾರ ಇಲ್ಲಿ ರೊಟ್ಟಿ ಮಾಡಾಕ ಯಾರು?"

ಕೊನೆಗೆ ಯಲ್ಲಾಪುರದಿಂದ ಅವ್ವನ ತಂಗಿ ಚಿಗವ್ವ ಬಂದು ಒಲೆಯ ಮುಂದೆ ಕೂತಳು. ನಮ್ಮಲ್ಲಿ ಒಬ್ಬ ಹೆಂಗಸು ಅಡುಗೆಮನೆ ಬಿಟ್ಟು ಹೊರಗೆ ಬರಬೇಕಾದರೆ ಇನ್ನೊಬ್ಬಳು ಒಳಗೆ ಹೋಗಬೇಕು. ಚಿಗವ್ವ ಬರದಿದ್ದರೆ ಅವ್ವ ಹಡಗು ಹತ್ತುತ್ತಿರಲಿಲ್ಲ, ಅದು ನನಗೆ ಗೊತ್ತು.

ಮೊದಲ ಫಾರ್ಮಲ್ ನೈಟಿನ ದಿನ ಊಟದ ಹಾಲಿನ ಮುಖ್ಯಸ್ಥನ ಹತ್ತಿರ ಹೋಗಿ ನನ್ನ ಪಕ್ಕದ ಕುರ್ಚಿ ನನ್ನ ತಾಯಿಗೆ ಬೇಕು ಎಂದೆ. ಆಗುವುದಿಲ್ಲ ಎಂದ. ಅಧಿಕಾರಿಯ ಮೇಜಿನಲ್ಲಿ ಅಧಿಕಾರಿಯ ಮನೆಯವರು ಕೂರುವ ಹಾಗಿಲ್ಲ, ಅದು ಅತಿಥಿಗಳ ಜಾಗ, ನಿಯಮ ಅಂದರೆ ನಿಯಮ. ನಿಮ್ಮ ತಾಯಿಗೆ ಮೇಲಿನ ಅಂತಸ್ತಿನ ಬಫೆ ಇದೆಯಲ್ಲ, ಅಲ್ಲಿ ಬೇಕಾದ್ದನ್ನು ತಾವೇ ಬಡಿಸಿಕೊಳ್ಳಬಹುದು ಎಂದು ಸಮಾಧಾನವನ್ನೂ ಹೇಳಿದ. ತಾನೇ ಬಡಿಸಿಕೊಂಡು ಉಣ್ಣಲಿಕ್ಕೆ ನಾನು ಅವಳನ್ನು ಅಷ್ಟು ದೂರದಿಂದ ಕರೆಸಬೇಕಿತ್ತೇ? ಹಾಗಾದರೆ ನಿಮ್ಮ ಕ್ಯಾಲೆಂಡರಿಗೆ ಬೇರೆ ಚಿತ್ರ ಹುಡುಕಿಕೊಳ್ಳಿ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗುವಂತೆ ಇನ್ನಷ್ಟು ಜೋರಾಗಿ ಹೇಳಿದೆ. ಅಷ್ಟರಲ್ಲಿ ನನ್ನ ಮೇಜಿನ ಒಬ್ಬ ಅತಿಥಿ ಸಮುದ್ರದ ಹೊಯ್ದಾಟಕ್ಕೆ ವಾಂತಿ ಮಾಡಿಕೊಂಡು ಕೋಣೆಯಲ್ಲೇ ಮಲಗಿದ್ದಾರೆಂದು ಸುದ್ದಿ ಬಂತು. ಮೇಜಿನಲ್ಲಿ ಖಾಲಿ ಕುರ್ಚಿ ಇದ್ದರೆ ನೋಡಲು ಚಂದವಲ್ಲ. ನಿಯಮ ತಟ್ಟನೆ ಸಡಿಲವಾಯಿತು. ಆದರೆ ಆ ಕುರ್ಚಿ ಮೇಜಿನ ಕೊನೆಯಲ್ಲಿತ್ತು, ನಾನು ಕೂರಬೇಕಾದದ್ದು ನಡುವಿನಲ್ಲಿ.

ಅವ್ವ ಕೆಂಪಂಚಿನ ಇಳಕಲ್ ಸೀರೆ ಉಟ್ಟು ಬಂದಳು. ಸೆರಗು ತಲೆಯ ಮೇಲಿತ್ತು. ಎಲ್ಲರಿಗೂ ಕೈ ಮುಗಿದಳು, ಅವರೂ ಕೈ ಮುಗಿದರು. ಅವಳಿಗೆ ಸಸ್ಯಾಹಾರ ಎಂದು ವೇಟರನಿಗೆ ಹೇಳಿದ್ದೆ. ಅಕ್ಕಪಕ್ಕದವರ ತಾಟಿನಲ್ಲಿ ಮಾಂಸ ಇರುತ್ತದೆ ಎಂದು ಅವ್ವನಿಗೂ ಮೊದಲೇ ಹೇಳಿದ್ದೆ. "ಅವರ ತಾಟು ಅವರದು, ನಾ ಯಾಕ ನೋಡ್ಲಿ?" ಎಂದಿದ್ದಳು.

ಸೂಪು ಬಂತು. ಎಲ್ಲರೂ ಕುಡಿದರು. ಅವ್ವ ಚಮಚ ಮುಟ್ಟಲಿಲ್ಲ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವವರನ್ನು ನೋಡುತ್ತ ಕೂತಿದ್ದಳು. ಎಲ್ಲರದ್ದೂ ಮುಗಿದ ಮೇಲೆ ವೇಟರ್ ಬಗ್ಗಿ ಆಯಿತೇ ಎಂದು ಅವಳನ್ನು ಕೇಳಿದ. ಅವಳು ಮರ್ಯಾದೆಗೆ ನಕ್ಕಳು. ಅವನು ಬಟ್ಟಲನ್ನು ಎತ್ತಿಕೊಂಡು ಹೋದ. ಆಮೇಲೆ ಬಂದ ಸೊಪ್ಪಿನ ತಾಟಿಗೂ ಅದೇ ಗತಿ. ಎದುರು ಕೂತ ಮುದುಕರು ನನ್ನನ್ನು ಚಂಡಮಾರುತದ ಬಗ್ಗೆ ಕೇಳುತ್ತಿದ್ದರು. ಅವರ ಹೆಂಡತಿ ನನ್ನ ವಯಸ್ಸು, ಮದುವೆ, ಮಕ್ಕಳು ಎಲ್ಲವನ್ನೂ ಕೇಳಿಯಾಗಿತ್ತು. ನಾನು ಉತ್ತರ ಹೇಳುತ್ತ ಅವ್ವನ ಕಡೆ ಕಣ್ಣುಸನ್ನೆ ಮಾಡಿದೆ, ಉಣ್ಣು ಎಂದು. ಅವಳು ಅದಕ್ಕೆ ಪ್ರತಿಯಾಗಿ ನನಗೇ ಕಣ್ಣುಸನ್ನೆ ಮಾಡಿದಳು, ನೀನು ಉಣ್ಣು ಎಂದು. ಮುಖ್ಯ ಅಡುಗೆ ಬಂತು, ಆವಿಯಾಡುವ ಅನ್ನ, ಪನೀರಿನ ಪಲ್ಯ. ಎರಡನೇ ಸರತಿಯ ಊಟದವರು ಬಾಗಿಲಲ್ಲಿ ಕಾಯುತ್ತಿದ್ದರಿಂದ ವೇಟರ್‌ಗಳಿಗೆ ಅವಸರ. ಆಯಿತೇ ಎಂದು ಅವನು ಕೇಳಿದ, ಅವಳು ನಕ್ಕಳು, ಆ ತಾಟೂ ಹೋಯಿತು. ತುಂಬಿದ ತಾಟು ನನ್ನ ಕಣ್ಣ ಮುಂದೆಯೇ ಹಾಗೇ ಹೋಯಿತು.

ಅದೇ ಹೊತ್ತಿಗೆ ಪಕ್ಕದವನೊಬ್ಬ ಹಡಗು ಓಡಿಸುತ್ತಿರುವವರು ಯಾರು ಎಂದು ಕೇಳಿದ.

ನಾನು ಎದ್ದು ನಿಂತೆ. ಸಿಹಿತಿಂಡಿ ಬಂದು ಎಲ್ಲರ ಮುಂದೆಯೂ ಕೂತಿತ್ತು. ಯಾರೂ ಚಮಚ ಎತ್ತಬೇಡಿ ಎಂದೆ. ನನ್ನ ದನಿ ಬ್ರಿಜ್ಜಿನ ದನಿಯಾಗಿತ್ತು, ಆ ಮೇಜು ಅದನ್ನು ಅದುವರೆಗೆ ಕೇಳಿರಲಿಲ್ಲ. ಆ ತುದಿಯಲ್ಲಿ ಕೂತವರು ನನ್ನ ತಾಯಿ, ನನ್ನ ತಾಯಿ ಜೀವಮಾನವಿಡೀ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಂಡವರು, ಇವತ್ತು ಇಲ್ಲಿಯೂ ನೀವು ನಾವೆಲ್ಲ ಉಂಡಿದ್ದೇವೆ, ಅವರು ಉಪವಾಸ ಇದ್ದಾರೆ, ಅವರು ಮೊದಲ ಚಮಚ ಬಾಯಿಗಿಡುವವರೆಗೆ ಈ ಮೇಜಿನಲ್ಲಿ ಯಾರೂ ಮುಟ್ಟುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಎಲ್ಲರ ಮುಖವೂ ಅವ್ವನ ಕಡೆ ತಿರುಗಿತು. ಪಕ್ಕದ ಮೇಜಿನವರೂ ನೋಡಿದರು. ಅವ್ವನಿಗೆ ಭಾಷೆ ತಿಳಿಯದಿದ್ದರೂ ನಡೆದದ್ದು ತಿಳಿಯಿತು. ಒಂದು ಚಮಚ ಬಾಯಿಗಿಟ್ಟಳು, ನುಂಗಲು ಬಹಳ ಹೊತ್ತು ತೆಗೆದುಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿ ನನಗೆ ಇನ್ನಷ್ಟು ಪಿತ್ತ ನೆತ್ತಿಗೇರಿತು. ಫೋಟೋದವನು ಬಂದ, ಅವನನ್ನು ಓಡಿಸಿದೆ.

ನನ್ನ ಕೋಣೆಗೆ ಬಂದು ಬಾಗಿಲು ಹಾಕಿದ ಮೇಲೆ ಅವ್ವ ಸೆರಗು ಸರಿಮಾಡಿಕೊಂಡು ಹಾಸಿಗೆಯ ತುದಿಯಲ್ಲಿ ಕೂತಳು.

"ಏನ್ ಮಾಡಿದ್ಯವ್ವ ನೀನು?" ಎಂದಳು.

"ನೀ ಯಾಕ ಉಣ್ಣಲಿಲ್ಲ? ಮೊದಲ ಅದನ್ನ ಹೇಳು."

"ಅಲ್ಲಾ, ಅದು ನಿನ್ನ ಮೇಜು ಅಂತ ನೀನಽ ಹೇಳಿದ್ದಿ. ಬಂದವರು ನಿನ್ನ ಮನಿಗೆ ಬಂದಂಗಽ ಆತಲ್ಲ. ಬಂದವರು ಉಣ್ಣೂದ್ರಾಗ ಮನಿಯಾಕಿ ನಾ ಉಂಡ್ರ ನಿನಗ ಮರ್ಯಾದಿ ಏನ್ ಉಳೀತೈತಿ? ಎಲ್ಲಾರದೂ ಆಗಲಿ, ಆಮ್ಯಾಲ ನೀನು ನಾನು ಇಬ್ಬರೂ ಕುಂತು ಉಂಡ್ರಾತು ಅಂತ ಕಾದ್ನಿ."

ಅವಳಿಗೆ ಆ ಹಾಲಿನಲ್ಲಿ ಅತಿಥಿಯಾಗಿ ಕೂರುವುದು ಹೊಳೆದೇ ಇರಲಿಲ್ಲ. ನನ್ನ ಮೇಜೆಂದರೆ ಅವಳಿಗೆ ಇನ್ನೊಂದು ಪಡಸಾಲೆ. ನನ್ನ ಮಾನ ಕಾಯಲಿಕ್ಕೆ ಅವಳು ಹಸಿದು ಕೂತಿದ್ದಳು.

"ಹಸಿದ್ರೂ ಹಸಿದಿಲ್ಲ ಅನ್ನೂಹಂಗ ಕುಂದರೂದು ಒಂದು ನನಗ ಬರತೈತಿ. ಮನ್ಯಾಗ ಯಾರಿಗೂ ಇವತ್ತಿನ ತನಕ ಗೊತ್ತಾಗಿಲ್ಲ. ನೀನು ಪರದೇಶದ ಮಂದಿ ಮುಂದ ನನ್ನ ಹಸಿವು ತಗದು ತೋರಿಸಿದಿ" ಎಂದಳು. ಅಳುತ್ತಿರಲಿಲ್ಲ. ಅವಳಿಗೂ ಸಿಟ್ಟು ಬಂದಿತ್ತು. ಅವಳಿಗೆ ಸಿಟ್ಟು ಬಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಹಾಗಾಗಿ ಒಳಗೊಳಗೇ ಖುಷಿಯೂ ಆಯಿತು. ಆದರೆ ಅಪ್ಪನ ಮೇಲೆ ಬರಬೇಕಾದ ಸಿಟ್ಟು ನನ್ನ ಮೇಲೆ ಬಂದಿತ್ತು. ನಮ್ಮ ಮನೆಗಳಲ್ಲಿ ಸಿಟ್ಟು ಕೂಡ ಹೆಣ್ಣುಮಕ್ಕಳ ನಡುವೆಯೇ ಸುತ್ತುತ್ತದೆ, ಪಡಸಾಲೆಯ ತನಕ ಹೋಗುವುದಿಲ್ಲ.

ಆಗಲೇ ಅಪ್ಪನ ಫೋನು ಬಂತು. ಚಿಗವ್ವನ ರೊಟ್ಟಿ ದಪ್ಪವಂತೆ. "ನಿಮ್ಮವ್ವನ್ನ ಯಾವಾಗ ಕಳಸ್ತಿ?" ಎಂದು ಕೇಳಿದರು.

"ಅವ್ವ ಇನ್ನೂ ಉಂಡಿಲ್ಲ. ಅಕಿದು ಊಟ ಆದಮ್ಯಾಲ ಮಾತಾಡ್ರಿ" ಎಂದು ಫೋನು ಇಟ್ಟೆ. ಅಪ್ಪನ ಮಾತು ಮುಗಿಯುವ ಮೊದಲು ನಮ್ಮ ಮನೆಯಲ್ಲಿ ಯಾರೂ ಫೋನು ಇಟ್ಟವರಿಲ್ಲ. ಅವ್ವ ನನ್ನ ಮುಖ ನೋಡಿದಳು.

ಮುಂದಿನ ಫಾರ್ಮಲ್ ನೈಟಿಗೆ ನಾನು ಮೇಜಿನ ಯಜಮಾನಿಕೆ ಬೇಡ ಎಂದೆ. ನನ್ನ ಕಡತದಲ್ಲಿ ಇದು ದಾಖಲಾಗುತ್ತದೆ ಎಂದು ಮೇಲಿನ ಅಧಿಕಾರಿ ಎಚ್ಚರಿಸಿದರು. ಚೆನ್ನಾಗಿ ಬರೆದುಕೊಳ್ಳಿ ಎಂದು ಬಂದೆ. ಅದೇ ಊಟದ ಹಾಲಿನಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ ಇಬ್ಬರು ಕೂರುವ ಪುಟ್ಟ ಮೇಜೊಂದು ಸಿಕ್ಕಿತು. ನಾನು ಸಮವಸ್ತ್ರ ಹಾಕಲಿಲ್ಲ, ಸೀರೆ ಉಟ್ಟೆ. "ಇವತ್ತು ಇದು ಯಾರ ಮೇಜೂ ಅಲ್ಲ. ನೀನೂ ಮನಿಯಾಕಿ ಅಲ್ಲ, ನಾನೂ ಅಲ್ಲ. ಇಬ್ಬರೂ ಬಂದವರು" ಎಂದು ಅವ್ವನಿಗೆ ಮೊದಲೇ ಹೇಳಿಟ್ಟೆ. ಅವಳು ತಲೆಯಾಡಿಸಿದಳು.

ವೇಟರ್ ಬಂದು ಅವಳಿಗೆ ಏನು ಬೇಕೆಂದು ಕೇಳಿದ. ಅದನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ.

"ನಿನಗ ಯಾವುದು ಬೇಕೋ ನನಗೂ ಅದನ್ನಽ ಹೇಳು" ಎಂದಳು.

"ಅದೆಲ್ಲ ಬ್ಯಾಡ. ನಿನಗ ಏನ್ ಸೇರ್ತೈತಿ?"

ಅವ್ವ ಮೆನುವನ್ನು ನೋಡಿದಳು, ನನ್ನನ್ನು ನೋಡಿದಳು. ನಿಜವಾಗಿಯೂ ಯೋಚಿಸಿದಳು. ವೇಟರ್ ಪಾಪ ತಾಳ್ಮೆಯಿಂದ ನಿಂತಿದ್ದ.

"ಗೊತ್ತಿಲ್ಲವ್ವ" ಎಂದಳು. "ನಿಮ್ಮಪ್ಪಗ ಏನ್ ಸೇರ್ತೈತಿ ಕೇಳು, ಹೇಳ್ತೀನಿ. ನಿನಗ, ನಿಮ್ಮಣ್ಣಗ, ಎಲ್ಲಾರದೂ ಹೇಳ್ತೀನಿ. ನಾ ಯಾವಾಗ್ಲೂ ಉಳದದ್ದು ಉಂಡಾಕಿ. ನನಗ ಏನ್ ಸೇರ್ತೈತಿ ಅಂತ ನನಗ ಹೆಂಗ ಗೊತ್ತಿರಬೇಕು?"

ಅವಳು ಅದನ್ನು ದುಃಖದಿಂದ ಹೇಳಲಿಲ್ಲ. ಅಂಗಡಿಯಲ್ಲಿ ತೊಗರಿಬೇಳೆ ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದಳು. ಬಾಯಿಗೆ ಬಂದ ಬೈಗುಳಗಳೆಲ್ಲ ಅಪ್ಪನಿಗೆ, ಅಣ್ಣನಿಗೆ, ಆ ಪಡಸಾಲೆಯಲ್ಲಿ ಕೂತು ಇನ್ನೊಂದು ರೊಟ್ಟಿ ಹಾಕು ಎಂದ ಎಲ್ಲರಿಗೂ ಸೇರಬೇಕಾದವು. ಅವರು ಯಾರೂ ಅಲ್ಲಿರಲಿಲ್ಲ. ಮೆನುವಿನಲ್ಲಿ ಸಸ್ಯಾಹಾರದ್ದು ಏನೇನಿದೆಯೋ ಅಷ್ಟನ್ನೂ ಒಂದೊಂದು ತಾಟು ತಂದು ನನ್ನ ತಾಯಿಯ ಮುಂದೆ ಇಡಿ ಎಂದು ವೇಟರನಿಗೆ ಹೇಳಿದೆ.

ಪುಟ್ಟ ಮೇಜಿನ ಮೇಲೆ ಜಾಗ ಸಾಲಲಿಲ್ಲ. ವೇಟರ್ ಪಕ್ಕದಲ್ಲಿ ಇನ್ನೊಂದು ಮೇಜು ಎಳೆದು ಹಾಕಿದ. ಅವ್ವ ನನ್ನ ತಾಟು ಖಾಲಿ ಇರುವುದನ್ನು ನೋಡಿ ಬಡಿಸಲು ಕೈ ಚಾಚಿದಳು, ನಾನು ತಾಟನ್ನು ಹಿಂದಕ್ಕೆ ಎಳೆದುಕೊಂಡೆ. ಅವಳು ನಿಟ್ಟುಸಿರು ಬಿಟ್ಟು, ಹತ್ತಿರವಿದ್ದ ಅಣಬೆಯ ಅನ್ನವನ್ನು ಬೆರಳಲ್ಲಿ ತುಸು ತೆಗೆದು ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. ಹಳಸಲು ಬಂದ ಅನ್ನವನ್ನೂ ಚೆಲ್ಲದೆ ತೊಳೆದು ಉಂಡವಳು ಅವಳು, ಅಗಳು ಬಿಟ್ಟರೆ ನಮ್ಮನ್ನು ಬೈದವಳು.

ಆಮೇಲೆ ಅವಳು ಆ ತಾಟನ್ನು ಎರಡೂ ಕೈಯಿಂದ ಆಚೆ ಸರಿಸಿದಳು.

"ಇದು ಬ್ಯಾಡ" ಎಂದಳು. "ನನಗ ಸೇರಲಿಲ್ಲ. ಒಯ್ಯಿ ಅನ್ನು."