ಫೆಸೆಂಟ್ ಹಕ್ಕಿಗೆ ಕಟ್ಟಿದ ಬುತ್ತಿ

ಎಪ್ಪತ್ತರ ದಶಕದ ಮೊದಲಿಗೆ ನಾವು ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಬಾಡಿಗೆಗಿದ್ದೆವು. ಬೀದಿ ಮುಗಿದ ಕಡೆಯಿಂದಲೇ ಮುಸುಕಿನ ಜೋಳದ ಹೊಲಗಳು. ನಮ್ಮವರು ಬೆಳಿಗ್ಗೆ ಆರೂವರೆಗೆ ಬಸ್ಸು ಹಿಡಿದು ನ್ಯೂಯಾರ್ಕಿಗೆ ಹೋದರೆ ಬರುವುದು ಸಂಜೆ ಏಳಕ್ಕೆ. ನನಗೆ ಕಾರು ಓಡಿಸಲು ಬಾರದು, ಹೊಟ್ಟೆಯಲ್ಲಿ ಎಂಟು ತಿಂಗಳು. ಅವರಿಲ್ಲದಾಗ ನೋವು ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎನ್ನುವುದೇ ನನ್ನ ಚಿಂತೆಯಾಗಿತ್ತು. ಪಕ್ಕದ ಮನೆಯಲ್ಲಿ ನಾಯಿಯೊಂದಿಗೆ ಒಬ್ಬರೇ ಇದ್ದ ಮುದುಕರು, "ನಾನಿದ್ದೀನಲ್ಲಮ್ಮಾ, ಬಾಗಿಲು ತಟ್ಟು ಸಾಕು" ಎಂದಿದ್ದರು. ಅವರು ಆಡಿದ್ದು ಇಂಗ್ಲಿಷು. ನನ್ನ ಕಿವಿಗೆ ಬಿದ್ದದ್ದು ಹೀಗೆ.

ಆ ಮುದುಕರಿಗೆ ಬೇಟೆಯ ಹುಚ್ಚು. ಚಳಿ ಬಿದ್ದರೆ ಬಾತು, ಆದರೆ ಜೀವಕ್ಕೆ ಜೀವ ಫೆಸೆಂಟ್. ಅದು ಹೊಲದಲ್ಲಿ ಓಡಾಡುವ ಹಕ್ಕಿ. ಹುಂಜಕ್ಕೆ ಹಸಿರು ಕತ್ತು, ಅದರ ಸುತ್ತ ಬಿಳಿ ಪಟ್ಟಿ, ಮೊಳದುದ್ದದ ಬಾಲ. "ಬಾತಿಗೆ ಕೂತು ಕಾಯಬೇಕು, ಫೆಸೆಂಟ್‌ಗೆ ಕಾಲು ಸೋಲೋವರೆಗೂ ನಡೀಬೇಕು" ಎನ್ನುತ್ತಿದ್ದರು.

ನವೆಂಬರಿನ ಒಂದು ಶನಿವಾರ ಪೂಜೆ ಮುಗಿಸಿ ಹೊಸಿಲಿಗೆ ರಂಗೋಲಿ ಎಳೆಯಲೆಂದು ಬಾಗಿಲು ತೆಗೆದೆ. ಬಾಗಿಲ ಹಿಡಿಗೆ ಮುದುಕರು ದಾರ ಕಟ್ಟಿ ಎರಡು ಸತ್ತ ಫೆಸೆಂಟ್ ನೇತುಹಾಕಿದ್ದರು.

"ರೀ, ಬನ್ರೀ ಇಲ್ಲಿ! ವಾಪಸ್ ಕೊಟ್ಟುಬಿಡಿ."

"ಗಿಫ್ಟ್ ರಿಟರ್ನ್ ಮಾಡಿದ್ರೆ ಆ ಮನುಷ್ಯ ಬೇಜಾರು ಮಾಡ್ಕೊಳಲ್ವೇನೇ? ಆಮೇಲೆ ನಿನ್ನನ್ನ ಆಸ್ಪತ್ರೆಗೆ ಯಾರು ಡ್ರೈವ್ ಮಾಡ್ತಾರೆ, ಈ ಹಕ್ಕಿಗಳಾ?"

ಕಸದ ಡಬ್ಬಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಹಿತ್ತಲಲ್ಲಿ ನಮ್ಮವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಗುಂಡಿ ತೋಡಿದರು. ಕಿಟಕಿಯ ಕುಂಡದಲ್ಲಿದ್ದ ತುಳಸಿಯ ಎರಡು ದಳ, ನೀರು, ಒಂದು ತುತ್ತು ತುಪ್ಪದನ್ನ ಇಟ್ಟು, ರಾಮ ರಾಮ ಎಂದು ಮಣ್ಣು ಮುಚ್ಚಿದೆವು. ಸಂಜೆ ಮುದುಕರು ಬೇಲಿಯಾಚೆಯಿಂದ "ಹೇಗಿತ್ತು?" ಎಂದು ಕೇಳಿದರು. "ತುಂಬಾ ಚೆನ್ನಾಗಿತ್ತು" ಎಂದುಬಿಟ್ಟೆ. ದೀಪ ಹಚ್ಚುವಾಗ ದೇವರ ಮುಖ ನೋಡಲಾಗಲಿಲ್ಲ.

ತುಪ್ಪದ ವಾಸನೆ ನಾಯಿಯನ್ನು ಬಿಡುತ್ತದೆಯೇ? ಅದರಲ್ಲೂ ಅದು ಬಿದ್ದ ಹಕ್ಕಿಯನ್ನು ಹುಡುಕಿ ಒಡೆಯನಿಗೆ ತಂದೊಪ್ಪಿಸಲು ಪಳಗಿದ ನಾಯಿ. ಮಾರನೆಯ ದಿನ ಅನ್ನ ತಿಂದು, ಹಕ್ಕಿಗಳನ್ನು ಒಂದೊಂದಾಗಿ ಎಳೆದು, ಮುದುಕರ ಕಾಲ ಬಳಿ ಇಟ್ಟು ಬಾಲ ಅಲ್ಲಾಡಿಸಿತಂತೆ. ಅವರು ಮಣ್ಣು ಮೆತ್ತಿದ ಹಕ್ಕಿ ಹಿಡಿದು ಬಂದರು.

"ಚೆನ್ನಾಗಿತ್ತು ಅಂದೆಯಲ್ಲ?"

"ನಾವು ಮಾಂಸ ತಿನ್ನಲ್ಲ. ಹೇಳೋಕೆ ಹೆದರಿಕೆ ಆಯ್ತು. ಸುಳ್ಳು ಹೇಳಿದೆ, ತಪ್ಪಾಯ್ತು."

ಅವರು ಹಕ್ಕಿಗಳನ್ನು ಎತ್ತಿಕೊಂಡು ಹೊರಟುಹೋದರು. ಆಮೇಲೆ ಮೂರು ವಾರ ಅವರ ಬಾಗಿಲು ಮುಚ್ಚೇ ಇತ್ತು. ಇನ್ನು ಯಾವ ಮುಖ ಹೊತ್ತು ಅದನ್ನು ತಟ್ಟಲಿ ಎಂದು ನಾನೂ ಸುಮ್ಮನಿದ್ದೆ.

ಡಿಸೆಂಬರಿನ ಒಂದು ಬೆಳಿಗ್ಗೆ, ನಮ್ಮವರು ಹೋಗಿ ಎರಡು ಗಂಟೆಯಾಗಿರಬೇಕು, ನೋವು ಶುರುವಾಯಿತು. ಹೊರಗೆ ಸ್ನೋ. ಕಿಟಕಿಯಿಂದ ನೋಡಿದರೆ ಮುದುಕರು ಬೂಟು ಮೆಟ್ಟಿ, ಬಾತುಗಳನ್ನು ಮರುಳು ಮಾಡುವ ಮರದ ಬಾತುಗಳನ್ನು ಟ್ರಕ್ಕಿಗೆ ತುಂಬುತ್ತಿದ್ದರು. ಬಾತಿನ ಬೇಟೆಗೆ ಅಂಥ ಹವೆಯೇ ಬೇಕು ಎಂದು ಅವರೇ ಹಿಂದೆ ಹೇಳಿದ್ದರು. ಮಾನ ಬಿಟ್ಟು ಬಾಗಿಲು ತೆರೆದು ಕೈ ಎತ್ತಿದೆ.

ಅವರು ಒಂದು ಕ್ಷಣ ನೋಡಿದರು. ಮುಂದಿನ ಸೀಟಿನ ಮೇಲಿದ್ದ ಕೋವಿಯನ್ನು ಮನೆಯೊಳಗೆ ಇಟ್ಟು ಬಂದು ನನ್ನ ಮೊಳಕೈ ಹಿಡಿದರು. "ಇವತ್ತು ಬಾತುಗಳ ಆಯುಷ್ಯ ಗಟ್ಟಿ. ಹತ್ತಮ್ಮಾ."

ಕಾಲ ಬಳಿ ಮರದ ಬಾತುಗಳು, ಪಕ್ಕದಲ್ಲೇ ಒದ್ದೆ ನಾಯಿ. ಅದು ತನ್ನ ಮೂತಿಯನ್ನು ನನ್ನ ಭುಜದ ಮೇಲಿಟ್ಟಿತು. ಮಡಿ ಮೈಲಿಗೆ ನೆನಪಿಗೂ ಬರಲಿಲ್ಲ. ರೂಟ್ ಒನ್ ಹೆದ್ದಾರಿಯಲ್ಲಿ ನಿಧಾನಕ್ಕೆ ಹೋಗುತ್ತಾ ಕೇಳಿದರು:

"ಒಂದು ಮಾತು. ನಾಯಿ ಮೂತಿಗೆ ಅನ್ನ ಮೆತ್ತಿತ್ತು. ಹಕ್ಕಿ ಜೊತೆ ಅನ್ನ ಯಾಕೆ?"

"ದಾರಿಗೆ," ಎಂದೆ ಹಲ್ಲು ಕಚ್ಚಿ. "ಹೋಗೋ ಜೀವ ಹಸಿದು ಹೋಗಬಾರದು."

"ಐವತ್ತು ವರ್ಷದಿಂದ ಹೊಡೀತಿದ್ದೀನಿ. ಒಂದಕ್ಕೂ ಬುತ್ತಿ ಕಟ್ಟಿ ಕಳಿಸಿರಲಿಲ್ಲ," ಎಂದು ನಗತೊಡಗಿದರು. ನೋವಿನ ನಡುವೆ ನನಗೂ ನಗು ಬಂತು.

ಮಧ್ಯಾಹ್ನ ಮಗಳು ಹುಟ್ಟಿದಳು. ನಮ್ಮವರು ಬರುವವರೆಗೂ ಮುದುಕರು ಅಲ್ಲೇ ಬೆಂಚಿನ ಮೇಲೆ, ಬೂಟಿನಲ್ಲೇ ಕೂತಿದ್ದರು ಎಂದು ನರ್ಸ್ ಹೇಳಿದಳು.

ಮರು ನವೆಂಬರಿನಲ್ಲಿ ಬಾಗಿಲ ಹಿಡಿಗೆ ಮತ್ತೆ ಏನೋ ನೇತಾಡುತ್ತಿತ್ತು. ಹತ್ತಿರ ಹೋದರೆ ಒಣಗಿದ ಜೋಳದ ತೆನೆಗಳ ಗೊಂಚಲು, ಅದರಲ್ಲಿ ಮಗುವಿಗೆಂದು ಸಿಕ್ಕಿಸಿದ ಒಂದು ಉದ್ದನೆಯ ಬಾಲದ ಗರಿ. ಬೇಲಿಯಾಚೆ ಅವರು ನಿಂತಿದ್ದರು.

"ನನ್ನ ಹಕ್ಕಿಗಳ ಊಟ ಕಣಮ್ಮಾ ಇದು. ಇದನ್ನಾದರೂ ಹೂಳಬೇಡ!"

ಬೀಸಿ ರೊಟ್ಟಿ ತಟ್ಟಿದೆ. ಎರಡು ಅವರಿಗೆ. ನಾಯಿಗೆ ತುಪ್ಪದನ್ನ.