ಕೆರೆಗೆ ಹೋದ ಅರ್ಧ ರೀಲು

ನಮ್ಮ ಯಜಮಾನರದು ಯಶವಂತಪುರದಲ್ಲಿ ಸಣ್ಣ ಸ್ಟುಡಿಯೋ. ಹೊಟ್ಟೆಪಾಡಿಗೆ ಮದುವೆ, ನಾಮಕರಣದ ಫೋಟೋ ತೆಗೆಯುತ್ತಿದ್ದರು. ಮನಸ್ಸೆಲ್ಲ ಹೆಬ್ಬಾಳದ ಕೆರೆಯಲ್ಲಿ. ಬಿಡುವು ಸಿಕ್ಕಿದರೆ ಸೈಕಲ್ ಹತ್ತಿ ಹೋಗಿ, ಕೆಸರಿನಲ್ಲಿ ಮೂಡಿದ ಕೊಕ್ಕರೆ ಹೆಜ್ಜೆಯ ಫೋಟೋ ತೆಗೆದುಕೊಂಡು ಬರುವರು. ಕೊಕ್ಕರೆಯನ್ನೇ ತೆಗೆದಿದ್ದರೆ ಒಪ್ಪಬಹುದಿತ್ತು. ಕೆಸರು ಏತಕ್ಕೆ? ಮೂರನೇ ಕ್ಲಾಸು ಓದಿದ ನನಗೆ ತಿಳಿಯಲಿಲ್ಲ. ತವರಿನವರು 'ಕೆಸರು ಫೋಟೋದವರು' ಎಂದು ಆಡಿಕೊಳ್ಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ತಮ್ಮನ ಮದುವೆ ಯಲಹಂಕದ ಛತ್ರದಲ್ಲಿ ಆಯಿತು. "ಫೋಟೋಗೆ ಬೇರೆಯವ್ರು ಯಾಕಕ್ಕ, ಭಾವ ಇದಾರಲ್ಲ" ಎಂದ ತಮ್ಮ. ಇನ್ನು ಆಡಿಕೊಳ್ಳುವವರ ಬಾಯಿ ಮುಚ್ಚಿತು ಎಂದುಕೊಂಡೆ.

ಗಟ್ಟಿಮೇಳ ಶುರುವಾಯಿತು. ತಮ್ಮ ತಾಳಿ ಎತ್ತಿದ. ಕ್ಯಾಮೆರಾದಲ್ಲಿ ರೀಲು ಮುಗಿಯಿತು. ಅರ್ಧ ರೀಲು ಹಿಂದಿನ ದಿನ ಕೆರೆಗೆ ಹೋಗಿತ್ತು. ಮರೆತು ಅದನ್ನೇ ತಂದಿದ್ದರು. ಕಂಬದ ಮರೆಯಲ್ಲಿ ಕೂತು ಹೊಸದು ಹಾಕಿ ಏಳುವಷ್ಟರಲ್ಲಿ ಮೂರು ಗಂಟೂ ಬಿದ್ದು ಅಕ್ಷತೆಯೂ ಬಿದ್ದಿತ್ತು.

"ಇನ್ನೊಂದ್ ಸಲ ಹಂಗೇ ತಾಳಿ ಹಿಡ್ಕೊಳ್ಳಪ್ಪ, ಫೋಟೋಗೆ" ಎಂದರು ಇವರು.

ಹೆಣ್ಣಿನ ಅಜ್ಜಿ ಎದ್ದು ನಿಂತಳು. "ಕಟ್ಟಿದ್ ತಾಳಿಗೆ ಮತ್ತೆ ಕೈ ಹಾಕೋದಾ? ಅಪಶಕುನ ಕಣ್ರೀ!"

ತಮ್ಮ ಕೈ ಇಳಿಸಿದ. ನಮ್ಮ ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ, "ಬಿಡ್ರೇ, ಕೊಕ್ಕರೆ ಮದ್ವೆ ಆಗಿದ್ರೆ ಮೂರ್ ಗಂಟೂ ಬರ್ತಿತ್ತು" ಎಂದಳು. ಛತ್ರವೆಲ್ಲ ನಕ್ಕಿತು. ಊಟದಲ್ಲಿ ನಾನು ಎಲೆಯಿಂದ ತಲೆ ಎತ್ತಲಿಲ್ಲ. ಇವರು ಮಾತ್ರ ಹೋಳಿಗೆ ಇನ್ನೊಮ್ಮೆ ಹಾಕಿಸಿಕೊಂಡರು.

ಆಮೇಲೆ ತಮ್ಮ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಗೌರಿ ಹಬ್ಬ ಹತ್ತಿರ ಬಂದಂತೆ ನನಗೆ ಒಂದೇ ಯೋಚನೆ: ಬಾಗಿನ ತರುತ್ತಾನೋ ಇಲ್ಲವೋ. ತಮ್ಮನಿದ್ದೂ ತವರಿನ ಬಾಗಿನ ಬರದಿದ್ದರೆ ಬೀದಿಯ ಹೆಂಗಸರಿಗೆ ಏನು ಹೇಳುವುದು?

ಬಂದ. ಎದುರು ಗೋಡೆಯಲ್ಲಿ ಅದೇ ರೀಲಿನ ಕೆಸರು. ಇವರು ದೊಡ್ಡದು ಮಾಡಿ, ಕಟ್ಟು ಹಾಕಿಸಿ ತೂಗುಹಾಕಿದ್ದರು. ಹಬ್ಬ ಮುಗಿಯುವ ತನಕ ತೆಗೆದಿಡಿ ಎಂದು ಬೇಡಿಕೊಂಡಿದ್ದೆ. ಕೇಳಿರಲಿಲ್ಲ. ತಮ್ಮ ಬಾಗಿನದ ಮೊರ ಹಿಡಿದೇ ಅದರ ಮುಂದೆ ನಿಂತುಬಿಟ್ಟ.

"ಇದು ಅವತ್ತಿನ ರೀಲಾ ಭಾವ?"

"ಹೂಂ."

"ಚೆನ್ನಾಗ್ ಬಂದಿದೆ."

ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಸೆರಗೊಡ್ಡಿ ಮೊರ ತೆಗೆದುಕೊಳ್ಳುವಾಗ ಅವನ ಮುಖ ನೋಡಲಾಗಲಿಲ್ಲ. "ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?" ಎಂದೆ, ಎತ್ತಿ ಆಡಿಸಿ ಬೆಳೆಸಿದ ತಮ್ಮನನ್ನು, ಯಾರೋ ನೆಂಟರನ್ನು ಕೇಳಿದ ಹಾಗೆ.