ತಮ್ಮನ ಹೆಸರಿನ ಢಾಲು

ನಾನು ಸೊಸೆಯಾಗಿ ಬಂದ ಊರು ನವಲಗುಂದದ ಕಡೆಯದು. ಅಲ್ಲಿ ಬಾವಿ ತೋಡಿದರೆ ಸವಳು ನೀರು. ಇಡೀ ಊರು ಕುಡಿಯುವುದು ಒಂದೇ ಕೆರೆಯದು. ಆ ವರ್ಷ ಕೆರೆಯೇ ಕೆಟ್ಟು ಊರ ತುಂಬ ವಾಂತಿಭೇದಿ ಹಬ್ಬಿತ್ತು. ಎಂಬತ್ತರ ದಶಕದ ಮಾತು, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹಿರಿಯರಿಗೆ ಚಿಂತೆ ಇದ್ದದ್ದು ವರ್ಷಾವರ್ಷ ಊರಲ್ಲಿ ಆಡಿಸುವ ಕಬಡ್ಡಿ ಪಂದ್ಯದ್ದು. ಸುತ್ತಲಿನ ಊರುಗಳಿಗೆಲ್ಲ ಕರೆ ಹೋಗಿತ್ತು. ದವಾಖಾನೆಯ ನರ್ಸಬಾಯಿ ನಮ್ಮ ಕಟ್ಟೆಗೇ ಬಂದು, ಆಟದ ಮುಂದಾಳಾಗಿದ್ದ ನನ್ನ ಮಾವನಿಗೆ ಹೇಳಿದಳು: "ಹದಿನೈದು ದಿನ ಮುಂದ ಹಾಕ್ರಿ ಯಜಮಾನ್ರ. ಮಂದಿ ಕೂಡಿದ್ರ ಬ್ಯಾನಿ ಊರೂರಿಗೆ ಹೋಗತೈತಿ."

"ಬ್ಯಾನಿ ವರ್ಷಾ ಬರತೈತ್ರಿ ಬಾಯಾರ. ಆಟ ನಿಂತ್ರ ಊರ ಮಾನ ಹೊಕ್ಕೈತಿ," ಎಂದರು ಮಾವ.

ಮಾನವಂತೆ ಮಾನ! ಓಣಿಯಲ್ಲಿ ಜನ ಚೊಂಬು ಹಿಡಿದು ಓಡಾಡಿ ಓಡಾಡಿ ಏಳಲಾರದೆ ಬಿದ್ದಿದ್ದರು.

ನನ್ನ ಸಂಕಟ ಇನ್ನೂ ಒಂದಿತ್ತು. ಬರುವ ತಂಡಗಳಲ್ಲಿ ನನ್ನ ತವರಿನದೂ ಒಂದು, ಅದರಲ್ಲಿ ನನ್ನ ಒಬ್ಬನೇ ತಮ್ಮ. ಬರಬೇಡವೆಂದು ಹೇಳಿ ಕಳಿಸಿದೆ. ಕೇಳುವ ವಯಸ್ಸೇ ಅದು? ಬಂದ. ಕಾಯಿಸಿ ಆರಿಸಿದ ನೀರಿನ ತಂಬಿಗೆ ಅವನ ಕೈಗಿಟ್ಟು, "ಇದನ್ನ ಬಿಟ್ಟು ಹನಿ ನೀರ ಮುಟ್ಟಿದ್ರ ನನ್ನಾಣಿ ನೋಡು" ಎಂದೆ.

"ಆತ್ ಬೇ ಯಕ್ಕಾ, ಎಷ್ಟ್ ಅಂಜಸ್ತಿ," ಎಂದು ನಕ್ಕ.

ಕೊನೆಯ ಆಟದವರೆಗೂ ಮಾತಿಗೆ ತಪ್ಪಲಿಲ್ಲ. ಅವರ ತಂಡವೇ ಗೆದ್ದಿತು. ಗುಲಾಲು, ಕೇಕೆ, ಹಲಗೆ ಬಡಿತ. ನಾನು ಹೆಂಗಸರ ಜೊತೆ ಮಾಳಿಗೆ ಮೇಲೆ ನಿಂತಿದ್ದೆ. ಬ್ಯಾರಲ್ಲಿನ ಕೆರೆ ನೀರಿಗೆ ಲಿಂಬೆ ಹಿಂಡಿ ಶರಬತ್ತು ಮಾಡಿದ್ದರು. ಮಾವ ತಾವೇ ಒಂದು ಗ್ಲಾಸು ತಂದು ನನ್ನ ತಮ್ಮನ ಮುಂದೆ ಹಿಡಿದರು. ಅವನು ಒಮ್ಮೆ ಮಾಳಿಗೆಯತ್ತ ನೋಡಿದ. "ಬ್ಯಾಡೋ!" ಎಂದು ಕಿರುಚಿದೆ. ಆ ಹಲಗೆ ಸಪ್ಪಳದಲ್ಲಿ ಯಾರಿಗೆ ಕೇಳಬೇಕು? ಬೀಗರು ಹತ್ತೂರ ಮಂದಿಯ ಮುಂದೆ ಕೈಯಾರೆ ಕೊಟ್ಟದ್ದನ್ನು ಒಲ್ಲೆ ಎಂದರೆ, ನಾಳೆ ಅದೇ ಮನೆಯಲ್ಲಿ ಬಾಳ್ವೆ ಮಾಡಬೇಕಾದವಳು ಅಕ್ಕ. ಕುಡಿದ.

ವಾರದೊಳಗೆ ತವರಿನಿಂದ ಸುದ್ದಿ ಬಂತು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿದ್ದರು. ಮಾತಾಡಿಸಲು ಬಂದ ಮಾವ "ಹಣೇಬಾರ" ಎಂದರು. ಯಾರ ಹಣೆಯಲ್ಲಿ ಯಾರು ಬರೆದದ್ದು ಎಂದು ಕೇಳಬೇಕೆನಿಸಿತು. ಅವ್ವನ ಮುಖ ನೋಡಿ ಹಲ್ಲು ಕಚ್ಚಿ ಕೂತೆ.

ಮರುವರ್ಷ ಮತ್ತೆ ಕಬಡ್ಡಿಗೆ ದಿನ ಗೊತ್ತಾಯಿತು. ಮಾವ ನನ್ನನ್ನು ಪಡಸಾಲೆಗೆ ಕರೆಸಿದರು. ಹಿರಿಯರೆಲ್ಲ ಕೂತಿದ್ದರು.

"ಗೆದ್ದವರಿಗೆ ಈ ಸಲ ನಿನ್ನ ತಮ್ಮನ ಹೆಸರಿಲೆ ಒಂದು ಢಾಲು ಕೊಡೂಣು ಅಂತ ಮಾಡೇವಿ. ಏನಂತಿ ಯವ್ವಾ?"

ಹಿರಿಯರ ಮುಂದೆ ಸೊಸೆ ಬಾಯಿ ತೆರೆಯುವ ಮನೆಯಲ್ಲ ನಮ್ಮದು. ನಾನು ತಲೆ ಮೇಲಿನ ಸೆರಗು ಹಿಂದಕ್ಕೆ ತಳ್ಳಿದೆ.

"ಕೊಡ್ರಿ ಮಾವಾರ. ಆದ್ರ ಪೂರ್ತಿ ಬರಸ್ರಿ. ನಮ್ಮೂರಾಗ ಆಡಿ ಗೆದ್ದ, ನಮ್ಮ ಕೈಲೆ ಕೊಟ್ಟಿದ್ದನ್ನ ಕುಡದು ಸತ್ತ ಅಂತ ಬರಸ್ರಿ."

ಢಾಲು ಆಗಲಿಲ್ಲ. ಆಟ ಮಾತ್ರ ಆಡಿಸಿದರು.